ಫಾಕ್ಸ್‌ಪ್ರೊದಿಂದ ಕ್ಲೌಡಿಗೆ: ಪೈಸೆಯವರೆಗೂ ತಾಳೆಯಾದ ಬಗೆ

ಹದಿನಾಲ್ಕು ಶಾಖೆಗಳಿರುವ ಒಂದು ಪತ್ತಿನ ಸೌಹಾರ್ದ ಸಹಕಾರಿಯ ಠೇವಣಿ, ಸಾಲ, ಪಿಗ್ಮಿ, ಷೇರು ಎಲ್ಲವೂ ವಿಷುಯಲ್ ಫಾಕ್ಸ್‌ಪ್ರೊ 9 ಎಂಬ ಹಳೆಯ ದತ್ತಾಂಶ ಭಾಷೆಯಲ್ಲಿ ಬರೆದ ತಂತ್ರಾಂಶವೊಂದರಲ್ಲಿ ನಡೆಯುತ್ತಿದ್ದವು. ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಬೆಂಬಲ 2015ರ ಜನವರಿಯಲ್ಲೇ ಮುಗಿದಿತ್ತು. ವಹಿವಾಟಿನ ದಾಖಲೆಗಳಿರುವ ಡಿಬಿಎಫ್ ಕಡತ ಫಾಕ್ಸ್‌ಪ್ರೊದ 2 ಜಿಬಿ ಮಿತಿಯನ್ನು ಮುಟ್ಟುವ ಹಂತಕ್ಕೆ ಬಂದ ಮೇಲೆ ಆಡಳಿತ ಮಂಡಳಿ ಎಚ್ಚೆತ್ತುಕೊಂಡಿತು. ಹೊಸದಾಗಿ ಬರೆದುಕೊಡಲು ಬಂದ ದರಪಟ್ಟಿಗಳು ನಲವತ್ತು ಲಕ್ಷದ ಆಸುಪಾಸಿನಲ್ಲಿದ್ದವು. ಎಐ ಉಪಕರಣಗಳನ್ನು ಬಳಸಿ, ಇಬ್ಬರೇ ಕುಳಿತು, ಅದರ ಮೂರನೆಯ ಒಂದು ಭಾಗದಲ್ಲಿ ಮಾಡಿಕೊಡುತ್ತೇನೆಂದು ನಾನು ಹೇಳಿದಾಗ ಬೆಂಗಳೂರಿನ ಗೆಳೆಯರು ಫಾಕ್ಸ್‌ಪ್ರೊ ಎಐಗೆ ತಿಳಿಯದೆಂದು ನಕ್ಕರು. ಮುಖ್ಯ ಲೆಕ್ಕಿಗರು "ಒಂದು ಪೈಸೆ ವ್ಯತ್ಯಾಸ ಬಂದರೂ ನಾನು ಸಹಿ ಹಾಕುವುದಿಲ್ಲ ಸರ್" ಎಂದು ಮೊದಲೇ ಹೇಳಿಬಿಟ್ಟರು. ಮಾರ್ಚ್ ವರ್ಷಾಂತ್ಯ ಹೊಸ ವ್ಯವಸ್ಥೆಯಲ್ಲೇ ಮುಗಿದು, ಅವರ ಸಹಿಯೂ ಬಿದ್ದಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಹಳೆಯ ತಂತ್ರಾಂಶವನ್ನು ಇದ್ದಂತೆಯೇ ಕ್ಲೌಡಿನ ವಿಂಡೋಸ್ ಯಂತ್ರಕ್ಕೆ ಏರಿಸಿ, ಶಾಖೆಗಳಿಗೆ ರಿಮೋಟ್ ಡೆಸ್ಕ್‌ಟಾಪ್ ಕೊಡುವ ದಾರಿಯನ್ನು ಮೊದಲು ನೋಡಿದೆವು. ಶಾಖೆಯ ಸಂಪರ್ಕ ಕಡಿದಾಗಲೆಲ್ಲ ಅರೆಬರೆ ಸೆಷನ್‌ಗಳು ದಾಖಲೆಗಳನ್ನು ಲಾಕ್ ಮಾಡಿಕೊಂಡು ಉಳಿಯುತ್ತಿದ್ದವು, ದಾಖಲೆ ಹುಡುಕಲು ಬೇಕಾದ ಸಿಡಿಎಕ್ಸ್ ಇಂಡೆಕ್ಸ್ ಕೆಡುತ್ತಿತ್ತು, ಲೈಸೆನ್ಸ್ ಖರ್ಚು ಬೇರೆ. ಸುಮಾರು ಅರವತ್ತು ಸಾವಿರ ರೂಪಾಯಿ ಅಲ್ಲಿಗೇ ಹೋಯಿತು.

ಆಮೇಲೆ ಎಲ್ಲರೂ ಮಾಡುವಂತೆ ಫಾಕ್ಸ್‌ಪ್ರೊ ಕೋಡಿರುವ ಪಿಆರ್‌ಜಿ ಕಡತಗಳನ್ನು ಒಂದೊಂದಾಗಿ ಎಐಗೆ ಕೊಟ್ಟು ಡಾಟ್‌ನೆಟ್‌ನ ಸಿ ಶಾರ್ಪ್ ಭಾಷೆಗೆ ಪರಿವರ್ತಿಸಿದೆವು. ಬಂದ ಕೋಡ್ ನೋಡಲು ಚೆಂದವಾಗಿತ್ತು, ಕಂಪೈಲ್ ಕೂಡ ಆಗುತ್ತಿತ್ತು, ಆದರೆ ಬಡ್ಡಿ ಮಾತ್ರ ತಾಳೆಯಾಗುತ್ತಿರಲಿಲ್ಲ. ಫಾಕ್ಸ್‌ಪ್ರೊದಲ್ಲಿ ಕೆಲಸ ಮಾಡಿದವರಿಗೆ ಕಾರಣ ಗೊತ್ತೇ ಇರುತ್ತದೆ: ಅರ್ಧ ತರ್ಕ ಕೋಡಿನಲ್ಲಿದ್ದರೆ ಇನ್ನರ್ಧ ಭಾಷೆಯ ವರ್ತನೆಯನ್ನೇ ಬದಲಿಸುವ ಸೆಟ್ ಆಜ್ಞೆಗಳಲ್ಲಿಯೂ, ಯಾವ ವರ್ಕ್ ಏರಿಯಾದಲ್ಲಿ (ಕೋಷ್ಟಕ ತೆರೆದಿರುವ ಜಾಗ) ಪಾಯಿಂಟರ್, ಅಂದರೆ ಸದ್ಯದ ದಾಖಲೆಯ ಗುರುತು, ಎಲ್ಲಿ ನಿಂತಿದೆ ಎಂಬುದರಲ್ಲಿಯೂ ಅಡಗಿರುತ್ತದೆ. ಸೆಟ್ ಎಕ್ಸ್ಯಾಕ್ಟ್ ಆಫ್ ಇದ್ದುದರಿಂದ, ಅಂದರೆ ಮೊದಲ ಅಕ್ಷರಗಳು ಹೊಂದಿದರೆ ಸಾಕೆಂದಿದ್ದುದರಿಂದ, ಸಾಲದ ಸಂಕೇತ "ಜಿ" ಎಂದು ಹೋಲಿಸಿದ ಕಡೆಯೆಲ್ಲ ಸಿಬ್ಬಂದಿಯ ಚಿನ್ನದ ಸಾಲವಾದ "ಜಿಎಸ್" ಕೂಡ ಹೊಂದಿಕೆಯಾಗುತ್ತಿತ್ತು. ಎಐ ಅದನ್ನು ಕಟ್ಟುನಿಟ್ಟಾದ ಸಮಾನತೆಯಾಗಿ ಬರೆದದ್ದರಿಂದ ಆ ಖಾತೆಗಳಿಗೆ ಬಡ್ಡಿಯೇ ಬೀಳಲಿಲ್ಲ. ಪೂರ್ಣಾಂಕಕ್ಕೆ ಸರಿಹೊಂದಿಸುವಾಗ ಫಾಕ್ಸ್‌ಪ್ರೊದ ರೌಂಡ್ 112.50ನ್ನು 113 ಮಾಡಿದರೆ ಡಾಟ್‌ನೆಟ್‌ನ ಮ್ಯಾಥ್ ರೌಂಡ್, ಬೇರೆಯಾಗಿ ಹೇಳದ ಹೊರತು, ಹತ್ತಿರದ ಸಮಸಂಖ್ಯೆಯನ್ನು ಹಿಡಿದು 112 ಮಾಡುತ್ತದೆ. ಅಳಿಸಿದ ಗುರುತು ಹೊತ್ತು ಪ್ಯಾಕ್ ಆಗದೆ (ಕಡತದಿಂದ ನಿಜವಾಗಿ ಹೊರಹೋಗದೆ) ಉಳಿದ ದಾಖಲೆಗಳನ್ನು ದಿನವಹಿ ಬಿಡುತ್ತಿತ್ತು, ಆದರೆ ವರ್ಷಾಂತ್ಯದ ಒಂದು ವರದಿ ಎಣಿಸುತ್ತಿತ್ತು, ಮತ್ತು ಹಲವು ವರ್ಷಗಳಿಂದ ಆ ವರದಿಯೇ ಲೆಕ್ಕಪರಿಶೋಧನೆಯಲ್ಲಿ ಒಪ್ಪಿತವಾಗಿತ್ತು. ಇವನ್ನೆಲ್ಲ ಬಿಡಿಸುವಷ್ಟರಲ್ಲಿ ಮೂರು ನಾಲ್ಕು ತಿಂಗಳು ಮತ್ತು ಎರಡು ಲಕ್ಷಕ್ಕೂ ಹೆಚ್ಚು ಹಣ ಕರಗಿತ್ತು.

ಅಲ್ಲಿಂದ ನಾನು ಕ್ರಮವನ್ನೇ ತಿರುವಿದೆ. ಎಐಯನ್ನು ಭಾಷಾಂತರಕಾರನ ಸ್ಥಾನದಿಂದ ಇಳಿಸಿ ಓದುಗನ ಸ್ಥಾನದಲ್ಲಿ ಕೂರಿಸಿದೆ. ಪ್ರೋಗ್ರಾಮಿನ ಪ್ರತಿ ತುಣುಕಿಗೂ ಅದು ಯಾವ ಕೋಷ್ಟಕವನ್ನು ತೆರೆಯುತ್ತದೆ, ಪಾಯಿಂಟರನ್ನು ಎಲ್ಲಿ ಸರಿಸುತ್ತದೆ, ಯಾವ ಸೆಟ್ ಆಜ್ಞೆಯನ್ನು ಬದಲಿಸಿ ಹಿಂದಿರುಗಿಸದೆ ಬಿಡುತ್ತದೆ ಎಂಬುದರ ವಿವರಣೆಯನ್ನಷ್ಟೇ ಬರೆಸಿದೆ. ಜೊತೆಗೆ ಹಳೆಯ ತಂತ್ರಾಂಶಕ್ಕೆ ಕೊಡಲು ಸಾವಿರಾರು ಕೃತಕ ಖಾತೆಗಳನ್ನು ಅದರಿಂದಲೇ ಮಾಡಿಸಿದೆ: ಅಧಿಕ ವರ್ಷದ ಫೆಬ್ರವರಿ 29ರಂದು ತೆರೆದ ಠೇವಣಿ, ಒಂದೇ ದಿನ ಕಟ್ಟಿ ಮತ್ತೆ ಪಡೆದ ಸಾಲ, ನಡುವೆ ದರ ಬದಲಾದ ಆರ್‌ಡಿ, ಮುಕ್ತಾಯಕ್ಕೆ ಮೊದಲೇ ಮುರಿದ ಎಫ್‌ಡಿ. ಹಳೆಯ ಯಂತ್ರ ಕೊಟ್ಟ ಉತ್ತರವೇ ಪ್ರಮಾಣವಾಯಿತು. ಹೊಸ ಕೋಡ್ ಆ ಉತ್ತರಕ್ಕೆ ಪೈಸೆಯವರೆಗೂ ತಾಳೆಯಾಗುವ ತನಕ ಎಐ ತಿದ್ದುತ್ತಲೇ ಇರಬೇಕು, ಪರೀಕ್ಷೆಯ ಕಡತವನ್ನು ಮಾತ್ರ ಮುಟ್ಟುವಂತಿಲ್ಲ. ಈ ನಿರ್ಬಂಧವಿಲ್ಲದಿದ್ದರೆ ಅದು ಪರೀಕ್ಷೆಯನ್ನೇ ತಿದ್ದಿ ಎಲ್ಲವೂ ಸರಿಯಾಗಿದೆ ಎನ್ನುತ್ತದೆ. ನಮ್ಮಲ್ಲಿ ಹಾಗೆ ಆಗಿಯೂ ಇತ್ತು. ಬಡ್ಡಿಯ ವಿಭಾಗ ಎರಡು ಮೂರು ವಾರಗಳಲ್ಲಿ ಸರಿಹೋಯಿತು. ಪಾಯಿಂಟರಿನ ಜಾಡು ಹಿಡಿಯಲು ಎಐಗೆ ನಾನು ಕೊಡುವ ಸೂಚನೆಯ ಪಠ್ಯವನ್ನು ಇಲ್ಲಿ ಕೊಡುತ್ತಿಲ್ಲ. ನನಗೆ ಮುಂದಿನ ಎರಡು ಕೆಲಸಗಳು ಅದರ ಬಲದ ಮೇಲೆಯೇ ಬಂದಿವೆ.

ಸದಸ್ಯರ ನಿಜವಾದ ದತ್ತಾಂಶ ಯಾವ ಎಐ ಸೇವೆಗೂ ಹೋಗಬಾರದೆಂಬುದು ನಮ್ಮ ಕರಾರಿನಲ್ಲೇ ಇತ್ತು. ಅದಕ್ಕಾಗಿ ಕಚೇರಿಯ ಗ್ರಾಫಿಕ್ಸ್ ಕಾರ್ಡಿನ ಮೇಲೆಯೇ ಓಡುವ ಮುಕ್ತ ಎಐ ಮಾದರಿಯೊಂದನ್ನೂ ಪ್ರಯೋಗಿಸಿದೆವು. ಅದು ಫಾಕ್ಸ್‌ಪ್ರೊದೊಳಗೆ ಅದನ್ನೇ ಹೋಲುವ ಕ್ಲಿಪ್ಪರ್ ಭಾಷೆಯ ಆಜ್ಞೆಗಳನ್ನು ಬೆರೆಸಿತು, ಇಲ್ಲದ ಫಂಕ್ಷನ್‌ಗಳನ್ನೂ ಹುಟ್ಟಿಸಿತು. ಆ ದಾರಿಯನ್ನು ಬಿಟ್ಟು, ಹೊರಗಿನ ಸೇವೆಗೆ ಕೋಡ್ ಮತ್ತು ಕೋಷ್ಟಕದ ರಚನೆಯನ್ನು ಮಾತ್ರ ಕಳಿಸಿದೆವು.

ಹೆಸರು ವಿಳಾಸಗಳದ್ದು ಬೇರೆಯೇ ಕಥೆ. ಅವು ನುಡಿ ತಂತ್ರಾಂಶದ, ಯುನಿಕೋಡ್ ಅಲ್ಲದ ಆಸ್ಕಿ ಫಾಂಟಿನಲ್ಲಿದ್ದವು. ಆ ಕ್ರಮದಲ್ಲಿ ಕಣ್ಣಿಗೆ ಕಂಡ ಸಾಲಿನಲ್ಲೇ ಅಕ್ಷರದ ತುಂಡುಗಳು ಕೂತಿರುತ್ತವೆ: ಒತ್ತಕ್ಷರ ಗುಣಿತದ ನಂತರ, ಅರ್ಕಾವೊತ್ತು ತನ್ನ ಅಕ್ಷರದ ನಂತರ. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ ಬೇಕು. ಇದನ್ನು ಎಐಗೆ ಒಪ್ಪಿಸಿದಾಗ ಅದು ತನಗೆ ಪರಿಚಿತವಾದ ಹೆಸರಿಗೆ ತಿರುಗಿಸಿಬಿಡುತ್ತಿತ್ತು. ಕೃತಕ ಪಟ್ಟಿಯಲ್ಲಿ "ಬಸಲಿಂಗಪ್ಪ" ಇದ್ದದ್ದು "ಬಸವಲಿಂಗಪ್ಪ" ಆಯಿತು. ಸಾಲಪತ್ರದ ಹೆಸರಿನಲ್ಲಿ ಇಂಥ ಉಪಕಾರ ಬೇಡ. ಕೊನೆಗೆ ಸರಳ ಕೋಷ್ಟಕ ಮತ್ತು ನಿಯಮಗಳ ಪ್ರೋಗ್ರಾಂ ಬರೆದು, ಫಲಿತಾಂಶವನ್ನು ಮತ್ತೆ ಆಸ್ಕಿಗೆ ತಿರುಗಿಸಿ ಮೂಲದೊಂದಿಗೆ ತಾಳೆ ನೋಡಿದೆವು. ನೂರಕ್ಕೆ ಒಂದೆರಡರಷ್ಟು ಹೆಸರುಗಳು ಉಳಿದವು. ಅವನ್ನು ಶಾಖೆಯ ಗುಮಾಸ್ತರೇ ಕೈಯಲ್ಲಿ ತಿದ್ದಿದರು.

ಪಿಗ್ಮಿಯಿಂದ ಆರಂಭಿಸಿ ಒಂದೊಂದೇ ವಿಭಾಗವನ್ನು ಸರಿಸಿದೆವು. ಪಿಗ್ಮಿ ಯಂತ್ರದಿಂದ ಬರುವ ಪಠ್ಯ ಕಡತ ಹಳತಕ್ಕೂ ಹೊಸತಕ್ಕೂ ಏಕಕಾಲಕ್ಕೆ ಹೋಗುತ್ತಿತ್ತು, ರಾತ್ರಿ ಎರಡರ ಶಿಲ್ಕನ್ನೂ ಹೋಲಿಸಲಾಗುತ್ತಿತ್ತು. ಹೀಗೆ ಜೋಡಿಯಾಗಿ ಒಂದು ತ್ರೈಮಾಸಿಕ ಪೂರ್ತಿ ನಡೆದ ಮೇಲಷ್ಟೇ ಹಳೆಯದನ್ನು ನಿಲ್ಲಿಸಿದ್ದು.

ಹಣದ ಲೆಕ್ಕ ನೆನಪಿನಿಂದ ಹೇಳುವುದಾದರೆ, ಒಟ್ಟು ಹದಿಮೂರು ಲಕ್ಷದ ಸುತ್ತ; ಅದರಲ್ಲಿ ಎಐ ಸೇವೆಗಳಿಗೆ ಹೋದದ್ದು ಒಂದೂಕಾಲು ಲಕ್ಷ ಇರಬಹುದು, ಉಳಿದದ್ದು ನಮ್ಮಿಬ್ಬರ ಕೂಲಿ ಮತ್ತು ಶಾಖೆಗಳ ತಿರುಗಾಟ. ಹೊಸ ವ್ಯವಸ್ಥೆ ಓಡುವ ಕ್ಲೌಡಿನ ಮುಂಬೈ ರೀಜನ್ನಿನ ಮೊದಲ ತಿಂಗಳ ಬಿಲ್ ನಲವತ್ತು ಸಾವಿರ ದಾಟಿತು. ಒಳಗಿನ ಯಂತ್ರಗಳನ್ನು ಅಂತರ್ಜಾಲಕ್ಕೆ ಸೇರಿಸುವ ನ್ಯಾಟ್ ಗೇಟ್‌ವೇ ಮತ್ತು ಚಟುವಟಿಕೆ ದಾಖಲಿಸುವ, ಎಂದೂ ಅಳಿಯದ ಲಾಗ್‌ಗಳದ್ದೇ ಅದರಲ್ಲಿ ದೊಡ್ಡ ಪಾಲು. ನ್ಯಾಟ್ ತೆಗೆದು, ಲಾಗ್ ಉಳಿಸುವ ಅವಧಿಯನ್ನು ಮೊಟಕುಗೊಳಿಸಿ, ಪರೀಕ್ಷಾ ಯಂತ್ರಗಳು ರಾತ್ರಿ ತಾವೇ ಆರುವಂತೆ ಮಾಡಿದ ಮೇಲೆ ಇಪ್ಪತ್ತು ಸಾವಿರದ ಒಳಗೆ ಬಂದಿದೆ. ಹೊಸ ದತ್ತಾಂಶಕೋಶವಾದ ಪೋಸ್ಟ್‌ಗ್ರೆಸ್‌ನ ಗಾತ್ರವನ್ನು ಇನ್ನೂ ಇಳಿಸುವ ಒಂದು ಉಪಾಯ ನನ್ನಲ್ಲಿದೆ. ಅದನ್ನು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

ಷೇರು ಲಾಭಾಂಶದ ವಿಭಾಗವನ್ನು ಮಾತ್ರ ಸಾಗಿಸಲಿಲ್ಲ. ವರ್ಷಕ್ಕೊಮ್ಮೆ, ವಾರ್ಷಿಕ ಮಹಾಸಭೆಗೆ ಮುಂಚೆ ಓಡುವ ಆ ಪ್ರೋಗ್ರಾಮಿಗೆ ಎರಡು ಲಕ್ಷ ಸುರಿಯುವುದು ದಂಡವೆಂದು ಲೆಕ್ಕ ತೋರಿಸಿದೆ, ಮಂಡಳಿ ಒಪ್ಪಿತು. ಅದು ಮುಖ್ಯ ಕಚೇರಿಯ ಒಂದು ಕಂಪ್ಯೂಟರಿನಲ್ಲಿ, ಜಾಲಕ್ಕೆ ಸೇರಿಸದೆ, ಫಾಕ್ಸ್‌ಪ್ರೊದಲ್ಲೇ ಇದೆ.