ಲ್ಯಾಂಡ್‌ಲೈನ್ ಫೋನನ್ನ ಇಂಟರ್ನೆಟ್ ಕಾಲಿಂಗ್‌ಗೆ ಹಾಕೋಕೆ ಯಾವ ಅಡಾಪ್ಟರ್ ತಗೋಬೇಕು

ಮನೇಲಿರೋ ಬೀಟೆಲ್ ಫೋನೋ ಪ್ಯಾನಾಸೋನಿಕ್ ಕಾರ್ಡ್‌ಲೆಸ್ಸೋ ಇನ್ನೂ ಗಟ್ಟಿಮುಟ್ಟಾಗಿದೆ, ಅಪ್ಪ ಅಮ್ಮಂಗೆ ಅದೇ ಅಭ್ಯಾಸ, ತಾಮ್ರದ ಲೈನ್ ಮಾತ್ರ ಹೋಗಿ ಫೈಬರ್ ಬಂದಿದೆ, ಇಂಥ ಮನೆಗಳು ಈಗ ನಮ್ ಕಡೆ ತುಂಬಾ ಇವೆ. ಅಡಾಪ್ಟರ್ ಹುಡುಕೋಕೆ ಮುಂಚೆ ಫೈಬರ್‌ನವ್ರು ಹಾಕಿ ಹೋಗಿರೋ ಮೋಡೆಮ್ಮನ್ನ ಒಂದ್ಸಲ ತಿರುಗಿಸಿ ಹಿಂದ್ಗಡೆ ನೋಡಿ. ಲ್ಯಾನ್ ಪೋರ್ಟಿಗಿಂತ ಚಿಕ್ಕದಾಗಿ, ಫೋನ್, ಟೆಲ್ ಅಥವಾ ಪಾಟ್ಸ್ ಅಂತ ಬರ್ದಿರೋ ಪೋರ್ಟ್ ಇದ್ರೆ ಅಡಾಪ್ಟರ್ ಅದ್ರೊಳಗೇ ಇದೆ. ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಫೈಬರಲ್ಲಿ ಲ್ಯಾಂಡ್‌ಲೈನ್ ಸಾಮಾನ್ಯವಾಗಿ ಹೀಗೇ ಬರೋದು. ಫೋನ್ ಸಿಗಿಸಿದ್ರೂ ಡಯಲ್ ಟೋನ್ ಇಲ್ಲ ಅಂದ್ರೆ ವಾಯ್ಸ್ ಆಕ್ಟಿವೇಟ್ ಆಗಿದ್ಯಾ ಅಂತ ಅವ್ರನ್ನೇ ಕೇಳಿ, ಅದಕ್ಕೋಸ್ಕರ ಬೇರೆ ಡಬ್ಬಿಗೆ ದುಡ್ಡು ಹಾಕ್ಬೇಡಿ.

ಪೋರ್ಟ್ ಇಲ್ಲ, ಅಥವಾ ಬೇರೆ ಕಂಪನಿಯ ಎಸ್‌ಐಪಿ ನಂಬರ್ (ಇಂಟರ್ನೆಟ್ ಮೇಲೆ ಓಡೋ ಫೋನ್ ನಂಬರ್) ಇದೆ, ಆಫೀಸಿನ ಎಕ್ಸ್‌ಟೆನ್ಶನ್ ಮನೇಲಿ ಬೇಕು ಅನ್ನೋರಿಗೆ ಮಾತ್ರ ಹಳೇ ಫೋನನ್ನ ಇಂಟರ್ನೆಟ್ಟಿಗೆ ಸೇರಿಸೋ ಎಟಿಎ ಅನ್ನೋ ಅಡಾಪ್ಟರ್ ಬೇಕಾಗೋದು. ಆದ್ರೆ ತಗೊಳೋ ಮುಂಚೆ ಸರ್ವಿಸ್ ಕೊಡೋರನ್ನ ಒಂದು ಮಾತು ಕೇಳಿ: ಎಸ್‌ಐಪಿ ಸರ್ವರ್ ಅಡ್ರೆಸ್, ಯೂಸರ್‌ನೇಮ್, ಪಾಸ್‌ವರ್ಡ್ ನನ್ನ ಕೈಗೆ ಕೊಡ್ತೀರಾ ಅಂತ. ಕೊಡಲ್ಲ ಅಂದ್ರೆ ಎಷ್ಟೇ ಒಳ್ಳೆ ಅಡಾಪ್ಟರ್ ತಂದ್ರೂ ಪ್ರಯೋಜನ ಇಲ್ಲ.

ಇನ್ನು ಜನ ಜಾಸ್ತಿ ಎಡವೋ ಜಾಗಕ್ಕೆ ಬರೋಣ. ಅಡಾಪ್ಟರ್‌ಗಳಲ್ಲಿ ಫೋನ್ ವೈರ್ ಹಾಕೋ ಪೋರ್ಟ್ ಎರಡು ಥರ ಬರತ್ತೆ, ಎಫ್‌ಎಕ್ಸ್‌ಎಸ್ ಮತ್ತೆ ಎಫ್‌ಎಕ್ಸ್‌ಓ, ನೋಡೋಕೆ ಎರಡೂ ಒಂದೇ ಥರ. ಎಫ್‌ಎಕ್ಸ್‌ಎಸ್ ಡಯಲ್ ಟೋನ್ ಕೊಡತ್ತೆ, ರಿಂಗ್ ಮಾಡಿಸತ್ತೆ, ಅಂದ್ರೆ ಎಕ್ಸ್‌ಚೇಂಜ್ ಮಾಡ್ತಿದ್ದ ಕೆಲಸ, ಅದಕ್ಕೆ ಫೋನ್ ಸಿಗಿಸ್ಬೇಕು. ಎಫ್‌ಎಕ್ಸ್‌ಓಗೆ ಹೊರಗಿಂದ ಬರೋ ಲೈನ್ ಸಿಗಿಸ್ಬೇಕು. ಹಳೇ ಫೋನಲ್ಲಿ ಇಂಟರ್ನೆಟ್ ಕಾಲ್ ಮಾಡೋರಿಗೆ ಬೇಕಾಗಿರೋದು ಎಫ್‌ಎಕ್ಸ್‌ಎಸ್ ಅಷ್ಟೇ. ಗ್ರ್ಯಾಂಡ್‌ಸ್ಟ್ರೀಮ್ ಕಂಪನಿಯ ಎಚ್‌ಟಿ801 ಅನ್ನೋ ಅಡಾಪ್ಟರಲ್ಲಿ ಅಂಥದ್ದು ಒಂದು ಇದೆ, ಎಚ್‌ಟಿ802ರಲ್ಲಿ ಎರಡು, ಎಚ್‌ಟಿ813ರಲ್ಲಿ ಎರಡೂ ಥರದ್ದು ಒಂದೊಂದು. ಮನೆಗೆ 801 ಧಾರಾಳವಾಗಿ ಸಾಕು ಅನ್ನೋದು ನನ್ನ ಅಭಿಪ್ರಾಯ. ವೈಫೈ ಇಲ್ಲ ಅದಕ್ಕೆ, ರೂಟರ್‌ನಿಂದ ಲ್ಯಾನ್ ಕೇಬಲ್ ಎಳೀಬೇಕು. ಮತ್ತೆ ಇಂಟರ್ನೆಟ್ಟಲ್ಲಿ ಬರೋ ವಿದೇಶದ ಕಾಲ್‌ಗಳನ್ನ ಎಫ್‌ಎಕ್ಸ್‌ಓ ಮೂಲಕ ಲೋಕಲ್ ಲೈನಿಗೆ ತಿರುಗಿಸೋದು ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ದೆ ಮಾಡೋ ಹಾಗಿಲ್ಲ, ಅದು ಪೊಲೀಸ್ ಕೇಸ್ ಆಗೋ ವಿಷಯ, ಯಾರಾದ್ರೂ ಮಾಡ್ಕೊಡ್ತೀನಿ ಅಂದ್ರೂ ಒಪ್ಕೋಬೇಡಿ.

ಮನೆ ತುಂಬಾ ಹಳೇ ಫೋನ್ ವೈರಿಂಗ್ ಇದ್ರೆ ಅಡಾಪ್ಟರಿಂದ ಗೋಡೆ ಸಾಕೆಟ್ಟಿಗೆ ಒಂದು ವೈರ್ ಕೊಟ್ರೆ ಎಲ್ಲಾ ರೂಮಲ್ಲೂ ಫೋನ್ ಬರತ್ತೆ, ಆದ್ರೆ ಅದಕ್ಕೆ ಮುಂಚೆ ಕಂಬದಿಂದ ಬರೋ ಜೋಡಿ ವೈರನ್ನ ಹೊರಗಿನ ಡಬ್ಬಿಯಲ್ಲೇ ಪೂರ್ತಿ ಬಿಚ್ಚಿರಬೇಕು, ಯಾಕಂದ್ರೆ ಎಕ್ಸ್‌ಚೇಂಜ್ ಲೈನಲ್ಲಿ ಸುಮಾರು 48 ವೋಲ್ಟ್ ಡಿಸಿ ಯಾವಾಗ್ಲೂ ಇರತ್ತೆ, ರಿಂಗ್ ಆಗೋವಾಗ ಅದಕ್ಕಿಂತ ಜಾಸ್ತಿ ಎಸಿ ಬರತ್ತೆ, ಎಫ್‌ಎಕ್ಸ್‌ಎಸ್ ಪೋರ್ಟಿಗೆ ಅದು ತಾಗಿದ್ರೆ ಅಡಾಪ್ಟರ್ ಸುಟ್ಟೇ ಹೋಗಬಹುದು. ಲೈನ್ ಡೆಡ್ ಆಗಿದೆ ಅಂತ ನಂಬ್ಕೊಂಡು ಬಿಡ್ಬೇಡಿ, ಬಿಚ್ಚಿ. ಗಂಟೆ ಇರೋ ಹಳೇ ಫೋನ್ ನಾಲ್ಕೈದು ಸೇರಿಸಿದ್ರೆ ರಿಂಗ್ ಮಾಡಿಸೋಕೆ ಶಕ್ತಿ ಸಾಲದೇ ಹೋಗಬಹುದು, ಡೇಟಾಶೀಟಲ್ಲಿ ಆರ್‌ಇಎನ್ (ಎಷ್ಟು ಫೋನ್ ರಿಂಗ್ ಮಾಡಿಸೋ ಶಕ್ತಿ ಇದೆ ಅನ್ನೋ ಅಳತೆ) ಎಷ್ಟಿದೆ ನೋಡಿ. ಬೆರಳು ಹಾಕಿ ತಿರುಗಿಸೋ ಡಯಲ್ ಫೋನಾದ್ರೆ ಪಲ್ಸ್ ಡಯಲಿಂಗ್ ಇದ್ಯಾ ಅಂತಾನೂ ಅದ್ರಲ್ಲೇ ನೋಡ್ಕೊಳಿ, ಇಲ್ದಿದ್ರೆ ಕಾಲ್ ಬರತ್ತೆ, ಮಾಡೋಕಾಗಲ್ಲ.

ಸೆಕೆಂಡ್‌ಹ್ಯಾಂಡ್ ಸಿಕ್ತು ಅಂತ ಖುಷಿಪಡೋಕೆ ಮುಂಚೆ ಅದು ಲಾಕ್ ಆಗಿದ್ಯಾ ಕೇಳಿ. ಅಮೆರಿಕಾದಿಂದ ನೆಂಟರು ತಂದ್ಕೊಡೋ ವಾನೇಜ್, ಮ್ಯಾಜಿಕ್‌ಜ್ಯಾಕ್ ಡಬ್ಬಿಗಳು ಅವ್ರವ್ರ ಸರ್ವಿಸ್‌ಗೆ ಕಟ್ಟಿಹಾಕಿದವು. ಓಬಿ100, ಓಬಿ110 ಅನ್ನೋ ಅಡಾಪ್ಟರ್‌ಗಳಂತೂ ಗೂಗಲ್‌ನ ಇಂಟರ್ನೆಟ್ ಕಾಲಿಂಗ್ ಸರ್ವಿಸ್ ಗೂಗಲ್ ವಾಯ್ಸ್ ಜೊತೆ ಓಡ್ತಿದ್ವು, ಗೂಗಲ್ ತನ್ನ ವ್ಯವಸ್ಥೆ ಬದಲಾಯಿಸಿದ್ಮೇಲೆ ಅದ್ರ ಜೊತೆ ಓಡೋದು ನಿಂತೋಯ್ತು. ಸಿಸ್ಕೋ ಕಂಪನಿಯ ಎಸ್‌ಪಿಎ112 ಅಡಾಪ್ಟರ್ ಒಳ್ಳೆ ಮಾಲು, ಆದ್ರೆ ಕಂಪನಿ ಅದನ್ನ ಮಾರೋದು ನಿಲ್ಲಿಸಿದೆ.

ಸೆಟ್ಟಿಂಗ್ ಕಷ್ಟ ಇಲ್ಲ. ಗ್ರ್ಯಾಂಡ್‌ಸ್ಟ್ರೀಮ್ ಆದ್ರೆ ಫೋನಲ್ಲಿ ಸ್ಟಾರ್ ಮೂರ್ಸಲ ಒತ್ತಿ ಆಮೇಲೆ 02 ಒತ್ತಿದ್ರೆ ಐಪಿ ಅಡ್ರೆಸ್ ಓದಿ ಹೇಳತ್ತೆ, ಅದನ್ನ ಬ್ರೌಸರಲ್ಲಿ ಹಾಕಿ ಒಳಗೆ ಹೋಗಿ. ಮೊದಲನೇ ಕೆಲಸ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸೋದು, ಕಳ್ಳರು ಹೊಕ್ಕು ನಿಮ್ಮ ಲೆಕ್ಕದಲ್ಲಿ ವಿದೇಶಕ್ಕೆ ಕಾಲ್ ಮಾಡೋದು ನಿಜವಾಗ್ಲೂ ನಡೆಯತ್ತೆ. ಕೋಡೆಕ್, ಅಂದ್ರೆ ಧ್ವನಿಯನ್ನ ಡೇಟಾ ಮಾಡೋ ವಿಧಾನ, ಜಿ711 ಇಡಿ, ಒಂದು ಕಾಲಿಗೆ ಹೋಗೋಕೆ, ಬರೋಕೆ ತಲಾ ಸುಮಾರು 90 ಕೆಬಿಪಿಎಸ್ ಸಾಕು, ಫೈಬರಿಗೆ ಅದು ಲೆಕ್ಕಕ್ಕೇ ಇಲ್ಲ. ರಿಂಗ್ ಆಗತ್ತೆ ಆದ್ರೆ ಒಂದು ಕಡೆ ಮಾತು ಕೇಳ್ಸಲ್ಲ ಅಂದ್ರೆ ರೂಟರಲ್ಲಿ ಎಸ್‌ಐಪಿ ಎಎಲ್‌ಜಿ ಅನ್ನೋ ಸೆಟ್ಟಿಂಗ್ (ಇಂಟರ್ನೆಟ್ ಕಾಲ್‌ಗಳ ಡೇಟಾವನ್ನ ತಿದ್ದಿ ಕಳಿಸೋದು) ಆಫ್ ಮಾಡಿ ನೋಡಿ, ಎಷ್ಟೋ ಸಲ ಅದೇ ಕಾರಣ. ಬರೋ ನಂಬರ್ ಡಿಸ್‌ಪ್ಲೇಲಿ ಕಾಣದಿದ್ರೆ ಅಡಾಪ್ಟರ್ ಸೆಟ್ಟಿಂಗಲ್ಲಿ ಕಾಲರ್ ಐಡಿ ಸ್ಕೀಮ್ ಅನ್ನೋದನ್ನ ಡಿಟಿಎಂಎಫ್ ಅನ್ನೋ ಆಯ್ಕೆಗೆ ಬದಲಾಯಿಸಿ.

ಕೊನೇದು ಕರೆಂಟ್. ತಾಮ್ರದ ಲೈನಿಗೆ ಎಕ್ಸ್‌ಚೇಂಜಿಂದಲೇ ಕರೆಂಟ್ ಬರ್ತಿತ್ತು, ಈಗ ಮೋಡೆಮ್, ಅಡಾಪ್ಟರ್ ಎರಡೂ ಆನ್ ಇದ್ರೆ ಮಾತ್ರ ಫೋನ್. ರೂಟರ್ ಯುಪಿಎಸ್ ತಗೊಳೋವಾಗ ಎರಡು ಔಟ್‌ಪುಟ್ ಇರೋದನ್ನೇ ತಗೊಳಿ, ಮೋಡೆಮ್ ಸಾಮಾನ್ಯವಾಗಿ 12 ವೋಲ್ಟ್ ಇರತ್ತೆ, ಎಚ್‌ಟಿ801 5 ವೋಲ್ಟ್, ಪಿನ್ ಅದಲು ಬದಲು ಮಾಡ್ಬೇಡಿ. ವಯಸ್ಸಾದವರಷ್ಟೇ ಇರೋ ಮನೆಯಾದ್ರೆ ತುರ್ತು ಸಹಾಯದ ನಂಬರ್ 112ಕ್ಕೆ ಮಾಡೋಕೆ ಚಾರ್ಜ್ ಇರೋ ಒಂದು ಕೀಪ್ಯಾಡ್ ಮೊಬೈಲನ್ನ ಈ ಫೋನಿನ ಪಕ್ಕದಲ್ಲೇ ಇಟ್ಟಿರಿ.