ದಪ್ಪ ಅಕ್ಷರದೊಳಗಿನ ಬಿಳಿ ಜಾಗ: ರೆಟ್ರೋ ಫಾಂಟ್‌ಗಳ ಜೊತೆ ನನ್ನ ಅನುಭವ

"ಸ್ವಲ್ಪ ಹಳೇ ಕಾಲದ ಥರ ಇರಲಿ, ಅಕ್ಷರ ದಪ್ಪಗಿರಲಿ" ಅಂತ ಕ್ಲೈಂಟ್ ಹೇಳಿದರೆ ನಾನು ತಕ್ಷಣ ಫಾಂಟ್ ಹುಡುಕಲು ಕೂರುವುದಿಲ್ಲ. ಯಾವ ಹಳೇ ಕಾಲ ಅಂತ ಮೊದಲು ಕೇಳುತ್ತೇನೆ. ಮಾರಿಸ್ ಫುಲ್ಲರ್ ಬೆಂಟನ್ 1927ರಲ್ಲಿ ರೂಪಿಸಿದ ಬ್ರಾಡ್‌ವೇ ಕೂಡ ರೆಟ್ರೋನೇ, ಆಸ್ವಾಲ್ಡ್ ಕೂಪರ್ ಅವರ ಕೂಪರ್ ಬ್ಲ್ಯಾಕ್ ಕೂಡ ರೆಟ್ರೋನೇ. ಆದರೆ ಬ್ರಾಡ್‌ವೇನಲ್ಲಿ ಒಂದು ಗೆರೆ ತುಂಬ ದಪ್ಪ, ಪಕ್ಕದ್ದು ತುಂಬ ತೆಳು. ನೋಡಿದ ಕೂಡಲೇ ಆರ್ಟ್ ಡೆಕೊ ಎಂಬ ಅಲಂಕಾರಿಕ ಶೈಲಿಯ ಕಾಲ (1920, 30ರ ದಶಕ), ನಾಟಕಶಾಲೆ ನೆನಪಾಗುತ್ತದೆ. ಕೂಪರ್ ಬ್ಲ್ಯಾಕ್‌ನಲ್ಲಿ ಒಂದು ಚೂಪು ಮೂಲೆಯೂ ಇಲ್ಲ, ಎಲ್ಲವೂ ದುಂಡು, ಮೃದು.

ಇಲ್ಲೊಂದು ವಿಷಯ ಗಮನಿಸಿ. ಕೂಪರ್ ಬ್ಲ್ಯಾಕ್ ಬಂದದ್ದು 1922ರಲ್ಲಿ. ಆದರೆ ಅದನ್ನು ನೋಡಿದವರಿಗೆ ನೆನಪಾಗೋದು 1960, 70ರ ದಶಕ. ಫೋಟೋ ಟೈಪ್‌ಸೆಟ್ಟಿಂಗ್ (ಅಕ್ಷರಗಳನ್ನು ಫಿಲ್ಮ್‌ನಿಂದ ಮೂಡಿಸಿ ಜೋಡಿಸುವ ವಿಧಾನ) ಮತ್ತು ಉಜ್ಜಿ ಅಂಟಿಸುವ ಲೆಟ್ರಾಸೆಟ್ ಹಾಳೆಗಳ ಕಾಲದಲ್ಲಿ ಅದು ಎಲ್ಲೆಡೆ ಹರಡಿತು. ಹಾಗಾಗಿ ಫಾಂಟ್ ಹುಟ್ಟಿದ ವರ್ಷಕ್ಕಿಂತ, ಜನ ಅದನ್ನು ಜಾಸ್ತಿ ಕಂಡ ಕಾಲ ಯಾವುದು ಅನ್ನೋದೇ ನನಗೆ ಮುಖ್ಯ.

ಕಾಲ ಗೊತ್ತಾದ ಮೇಲೆ ಐದಾರು ಫಾಂಟ್ ಆರಿಸಿಕೊಳ್ಳುತ್ತೇನೆ. ಆಮೇಲೆ ನಾನು ನೋಡುವುದು ಅಕ್ಷರದ ಕಪ್ಪನ್ನಲ್ಲ, ಅದರೊಳಗೆ ಉಳಿದ ಬಿಳಿಯನ್ನು. ಗೆರೆ ದಪ್ಪವಾದಷ್ಟೂ ಒಳಗಿನ ಬಿಳಿ ಜಾಗ ಕಿರಿದಾಗುತ್ತದೆ. ಆದರೆ ಓದುವ ಕಣ್ಣಿಗೆ ಅಕ್ಷರದ ಗುರುತು ಹತ್ತುವುದೇ ಆ ಬಿಳಿಯಿಂದ. ಇಂಗ್ಲಿಷ್‌ನ ಸಣ್ಣಕ್ಷರ 'ಎ', 'ಇ', 'ಎಸ್', ಜೊತೆಗೆ 8 ಮತ್ತು 6 ಅಂಕಿಗಳು. ಇವುಗಳಲ್ಲಿ ಬಿಳಿ ಉಳಿದಿದ್ದರೆ ಆ ಫಾಂಟ್ ಚೆನ್ನಾಗಿ ಬರೆದದ್ದು ಅಂತ ನಂಬುತ್ತೇನೆ.

ಪರೀಕ್ಷೆಗೆ ಫಾಂಟ್ ಮಾಡಿದವರು ಕೊಟ್ಟ ಮಾದರಿ ಪದ ಸಾಕಾಗುವುದಿಲ್ಲ. ಅವರು ತಮ್ಮ ಫಾಂಟ್‌ನಲ್ಲಿ ಚೆಂದ ಕಾಣುವ ಪದವನ್ನೇ ಆರಿಸಿರುತ್ತಾರೆ, ಅಲ್ವಾ? ನನ್ನ ಶೀರ್ಷಿಕೆಯನ್ನೇ ಟೈಪ್ ಮಾಡಿ, ಅದು ಕೊನೆಗೆ ಎಷ್ಟು ದೊಡ್ಡದಾಗಿ ಕಾಣಬೇಕೋ ಅಷ್ಟೇ ಅಳತೆಯಲ್ಲಿ ಪ್ರಿಂಟ್ ತೆಗೆಯುತ್ತೇನೆ. ಗೋಡೆಗೆ ಅಂಟಿಸಿ ದೂರ ನಿಂತು ನೋಡುತ್ತೇನೆ. ಆಮೇಲೆ ಹಾಳೆಯನ್ನು ತಲೆಕೆಳಗು ಮಾಡುತ್ತೇನೆ. ಆಗ ಪದ ಓದಲು ಬರುವುದಿಲ್ಲ, ಆಕಾರ ಮತ್ತು ಸಂದುಗಳು ಮಾತ್ರ ಕಾಣುತ್ತವೆ. ಎಲ್ಲಿ ಸಂದು ಜಾಸ್ತಿ, ಎಲ್ಲಿ ಎರಡು ಅಕ್ಷರ ಒತ್ತಿಕೊಂಡಿವೆ ಅಂತ ಬೇಗ ಗೊತ್ತಾಗುತ್ತದೆ.

ಅಕ್ಷರಗಳ ನಡುವಿನ ಸಂದಿನ ಮೇಲೆ ನಾನು ಅತಿ ಹೆಚ್ಚು ಸಮಯ ಕಳೆಯುತ್ತೇನೆ. ಸೀಸದ ಅಚ್ಚುಮೊಳೆಗಳನ್ನು ಜೋಡಿಸಿ ಮುದ್ರಿಸುತ್ತಿದ್ದ ಕಾಲದಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ತುಂಡು ಇತ್ತು. ಎರಡು ಮೊಳೆಗಳನ್ನು ಒಂದು ಮಿತಿಗಿಂತ ಹತ್ತಿರ ತರಬೇಕಾದರೆ ಲೋಹವನ್ನೇ ಕತ್ತರಿಸಬೇಕಿತ್ತು. ಫೋಟೋ ಟೈಪ್‌ಸೆಟ್ಟಿಂಗ್‌ನಲ್ಲಿ ಅಕ್ಷರ ಫಿಲ್ಮ್ ಮೇಲಿನ ಚಿತ್ರವಾಯಿತು. ಎಷ್ಟು ಬೇಕೋ ಅಷ್ಟು ಹತ್ತಿರ ಕೂರಿಸಬಹುದಾಯಿತು. 1970ರ ದಶಕದ ಶೀರ್ಷಿಕೆಗಳು ಅಷ್ಟೊಂದು ಬಿಗಿಯಾಗಿರುವುದು ಇದರಿಂದಲೇ. ಹರ್ಬ್ ಲೂಬಾಲಿನ್ ಮತ್ತು ಟಾಮ್ ಕಾರ್ನೇಸ್ ಅವರ ಅವಾಂಟ್ ಗಾರ್ಡ್ ಗಾಥಿಕ್ ಫಾಂಟ್‌ನಲ್ಲಿ ಅಕ್ಷರಗಳು ಒಂದಕ್ಕೊಂದು ಹೆಣೆದುಕೊಂಡ ಜೋಡಿಗಳೇ ಸಿಗುತ್ತವೆ.

ಹಾಗಾಗಿ ಎಪ್ಪತ್ತರ ದಶಕದ ಛಾಪು ಬೇಕಿದ್ದರೆ ಟ್ರ್ಯಾಕಿಂಗ್ ಅನ್ನು, ಅಂದರೆ ಎಲ್ಲ ಅಕ್ಷರಗಳ ನಡುವಿನ ಸಂದನ್ನು ಒಟ್ಟಿಗೆ ಬದಲಿಸುವ ಅಳತೆಯನ್ನು, ಸಾಫ್ಟ್‌ವೇರ್‌ನಲ್ಲಿ ಮೈನಸ್ 10ರಿಂದ ಮೈನಸ್ 30ರವರೆಗೆ ತಗ್ಗಿಸಿ, ಉಳಿದದ್ದನ್ನು ಕೈಯಾರೆ ಕರ್ನಿಂಗ್ ಮಾಡುತ್ತೇನೆ, ಅಂದರೆ ಒಂದೊಂದು ಜೋಡಿಯ ಸಂದನ್ನು ಸರಿಪಡಿಸುತ್ತೇನೆ. ಅಕ್ಷರಗಳು ಇನ್ನೇನು ಒಂದಕ್ಕೊಂದು ತಾಗಿಬಿಡುತ್ತವೆ ಅನ್ನುವಂತಿರಬೇಕು, ಆದರೆ ತಾಗಬಾರದು. ಹೊರಗಿನ ಸಂದು ಮತ್ತು ಒಳಗಿನ ಬಿಳಿ, ಎರಡೂ ಸುಮಾರು ಒಂದೇ ತೂಕದಲ್ಲಿ ಕಂಡರೆ ಅಲ್ಲಿಗೆ ಕೈ ನಿಲ್ಲಿಸುತ್ತೇನೆ. ಮೊಳೆ ಕಾಲದ ನೋಟ ಬೇಕಿದ್ದರೆ ಇಷ್ಟು ಬಿಗಿ ಮಾಡುವುದೇ ತಪ್ಪು.

ಫಾಂಟನ್ನು ಅಡ್ಡಕ್ಕೆ ಎಳೆದು ಅಗಲ ಮಾಡುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಎಳೆದಾಗ ನೆಟ್ಟಗಿನ ಗೆರೆ ಮಾತ್ರ ದಪ್ಪವಾಗುತ್ತದೆ, ಅಡ್ಡ ಗೆರೆ ಇದ್ದಷ್ಟೇ ಇರುತ್ತದೆ. ವಿನ್ಯಾಸಕಾರ ಗೆರೆಗೆ ಗೆರೆ ಕೂಡಿಸಿಟ್ಟ ಲೆಕ್ಕವೆಲ್ಲ ಕೆಡುತ್ತದೆ. ಇನ್ನೂ ದಪ್ಪ ಕಾಣಲಿ ಅಂತ ಸುತ್ತ ಸ್ಟ್ರೋಕ್ (ಅಂಚಿನ ಗೆರೆ) ಕೊಟ್ಟರೆ ಒಳಗಿನ ಬಿಳಿ ಮುಚ್ಚಿಹೋಗುತ್ತದೆ. ಅಗಲದ ಫಾಂಟ್ ಬೇಕಾದರೆ ಅಗಲಕ್ಕೇ ಬರೆದ ಫಾಂಟ್ ತೆಗೆದುಕೊಳ್ಳಿ.

ಕನ್ನಡದ ಶೀರ್ಷಿಕೆಯಾದರೆ ಪರೀಕ್ಷೆ ಇನ್ನೂ ಕಠಿಣ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ. ಈ ಜೋಡಿಗಳ ನಡುವಿನ ವ್ಯತ್ಯಾಸವೆಲ್ಲ ಕೆಳಗಿನ ಒಂದು ಸಣ್ಣ ಸೀಳಿನಲ್ಲಿದೆ. ಗೆರೆ ದಪ್ಪವಾದರೆ ಮೊದಲು ಮುಚ್ಚಿಹೋಗುವುದು ಆ ಸೀಳೇ. ಜೊತೆಗೆ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷ್ ಪೋಸ್ಟರ್‌ನಂತೆ ಸಾಲುಗಳನ್ನು ಒಂದರ ಮೇಲೊಂದು ಒತ್ತಿ ಕೂರಿಸಿದರೆ ಅವು ಡಿಕ್ಕಿ ಹೊಡೆಯುತ್ತವೆ. ನಾನು ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡುತ್ತೇನೆ. ಇಲ್ಲವೇ ಶೀರ್ಷಿಕೆಯನ್ನು ಬೇರೆ ಕಡೆ ಮುರಿದು, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಖಾಲಿ ಜಾಗಕ್ಕೆ ಬೀಳುವ ಹಾಗೆ ನೋಡಿಕೊಳ್ಳುತ್ತೇನೆ. ಇದಕ್ಕೆ ತಾಳ್ಮೆ ಬೇಕು, ಆದರೆ ಸರಿಯಾಗಿ ಕೂತಾಗ ಸಿಗುವ ಖುಷಿಯೇ ಬೇರೆ. ದುಂಡನೆಯ ದಪ್ಪ ಅಕ್ಷರಕ್ಕೆ ಏಕ್ ಟೈಪ್ ಎಂಬ ಫಾಂಟ್ ಸಂಸ್ಥೆಯವರ 'ಬಾಲೂ ತಮ್ಮ' ಫಾಂಟ್ ನನಗೆ ಇಷ್ಟ. ಅಗಲ, ದಪ್ಪ ಎರಡನ್ನೂ ಬದಲಿಸಬೇಕಾದರೆ ಅವರದೇ ಅನೇಕ್ ಕನ್ನಡ ಇದೆ.

ಒಂದು ವಿನ್ಯಾಸದಲ್ಲಿ ಇಂಥ ಫಾಂಟ್ ಒಂದೇ ಸಾಕು, ಅದೂ ಶೀರ್ಷಿಕೆಗೆ ಮಾತ್ರ. ಉಳಿದ ಮಾತಿಗೆ ಸುಮ್ನೆ ಓದಿಸಿಕೊಂಡು ಹೋಗುವ ಸಾದಾ ಫಾಂಟ್ ಇಡುತ್ತೇನೆ. ಬಳ್ಳಿಯಂತೆ ಬಾಲ ಚಾಚುವ ಸ್ವಾಶ್ ಅಕ್ಷರಗಳಿದ್ದರೆ ಪದಕ್ಕೆ ಒಂದೇ ಒಂದು, ಸಾಮಾನ್ಯವಾಗಿ ಮೊದಲಲ್ಲಿ ಅಥವಾ ಕೊನೆಯಲ್ಲಿ. ಬಣ್ಣವೂ ಎರಡು ಮೂರಕ್ಕೆ ಮೀರುವುದಿಲ್ಲ.

ಅಚ್ಚಿಗೆ ಕೊಡುವಾಗ ಕಾಗದ ಯಾವುದು ಅಂತ ಮೊದಲೇ ಕೇಳಿಕೊಳ್ಳಿ. ನುಣುಪಿಲ್ಲದ ಕಾಗದದಲ್ಲಿ ಶಾಯಿ ಹರಡುತ್ತದೆ, ಒಳಗಿನ ಬಿಳಿ ಇನ್ನಷ್ಟು ಕುಗ್ಗುತ್ತದೆ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ ಆದರೆ ಕಣ್ಣಿಗೆ ಅಕ್ಷರವೇ ಉಬ್ಬಿದಂತೆ ಕಾಣುತ್ತದೆ. ಇಂಥ ಕಡೆ ಅದೇ ಫಾಂಟ್‌ನ ಒಂದು ಹಂತ ತೆಳುವಾದ ರೂಪ ಬಳಸಿ, ಸಂದನ್ನು ಸ್ವಲ್ಪ ಸಡಿಲಿಸುತ್ತೇನೆ.

ಲೈಸೆನ್ಸ್ ಓದದೆ ಯಾವ ಫಾಂಟನ್ನೂ ಕ್ಲೈಂಟ್‌ಗೆ ತೋರಿಸಬೇಡಿ. ಉಚಿತ ಅಂತ ಸಿಗುವ ಎಷ್ಟೋ ರೆಟ್ರೋ ಫಾಂಟ್‌ಗಳು ಸ್ವಂತ ಬಳಕೆಗೆ ಮಾತ್ರ ಉಚಿತ. ಓಪನ್ ಫಾಂಟ್ ಲೈಸೆನ್ಸ್ ಇದ್ದರೆ ವ್ಯಾಪಾರದ ಕೆಲಸಕ್ಕೂ ಬಳಸಬಹುದು, ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಹಣ ಕೊಟ್ಟು ಕೊಂಡ ಫಾಂಟ್‌ಗಳಲ್ಲಿ ಅಚ್ಚಿಗೆ, ವೆಬ್‌ಗೆ, ಆ್ಯಪ್‌ಗೆ ಬೇರೆ ಬೇರೆ ಲೈಸೆನ್ಸ್ ಇರುವುದು ಸಾಮಾನ್ಯ. ಲೈಸೆನ್ಸ್ ಪತ್ರವನ್ನು ನಾನು ಪ್ರಾಜೆಕ್ಟ್‌ನ ಫೋಲ್ಡರ್‌ನಲ್ಲೇ ಇಟ್ಟು, ಕೆಲಸ ಒಪ್ಪಿಸುವಾಗ ಅದರ ಪ್ರತಿಯನ್ನೂ ಕ್ಲೈಂಟ್‌ಗೆ ಕೊಡುತ್ತೇನೆ.