ಆನೋಡೈಸಿಂಗ್‌ನಲ್ಲಿ ಕಂಡ ಕಲೆ, ಪ್ರೆಸ್‌ನಲ್ಲಿ ಸಿಕ್ಕ ಕಾರಣ

ಮೊದಲು ಕಾದ ಅಲ್ಯೂಮಿನಿಯಂ ಅನ್ನು ಅಚ್ಚಿನ ಮೂಲಕ ತಳ್ಳಿ ಉದ್ದನೆಯ ಸೆಕ್ಷನ್ ತೆಗೆಯುವ ಎಕ್ಸ್‌ಟ್ರೂಷನ್ ಪ್ರೆಸ್‌ನಲ್ಲಿದ್ದೆ, ಈಗ ಆ ಸೆಕ್ಷನ್ನನ್ನು ಆಸಿಡ್‌ನಲ್ಲಿ ಮುಳುಗಿಸಿ, ಕರೆಂಟ್ ಹರಿಸಿ, ಮೈಮೇಲೆ ಆಕ್ಸೈಡ್ ಪದರ ಬೆಳೆಸುವ ಆನೋಡೈಸಿಂಗ್ ಲೈನ್ ನೋಡಿಕೊಳ್ಳುತ್ತೇನೆ. ಎರಡೂ ಕಡೆ ದುಡಿದ ಮೇಲೆ ನನಗೆ ಖಾತ್ರಿಯಾದದ್ದು ಇಷ್ಟು: ಸೆಕ್ಷನ್ ಫಿನಿಶಿಂಗ್‌ನಲ್ಲಿ ಹೇಗೆ ಕಾಣುತ್ತದೆ ಅನ್ನುವುದು ಮುಕ್ಕಾಲು ಪಾಲು ಪ್ರೆಸ್‌ನಲ್ಲೇ ತೀರ್ಮಾನವಾಗಿರುತ್ತದೆ.

ಮೆಷಿನ್ ಫ್ರೇಮ್ ಸೆಕ್ಷನ್‌ಗಳಿಗೆ ನಾವು ಹೆಚ್ಚಾಗಿ ಬಳಸುವುದು 6063 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹ. ಬಿಲ್ಲೆಟ್ಟನ್ನು (ಲೋಹದ ದಿಮ್ಮಿ) ಸುಮಾರು 450 ಡಿಗ್ರಿಗೆ ಕಾಯಿಸಿ, ಡೈಯನ್ನೂ (ಅಚ್ಚು) ಬೇರೆ ಓವನ್‌ನಲ್ಲಿ ಅದೇ ಬಿಸಿಗೆ ತರುತ್ತೇವೆ. ಹೊಸಬರು ಬಿಲ್ಲೆಟ್‌ನ ಬಿಸಿಯನ್ನೇ ನೋಡುತ್ತಾರೆ. ನಾನು ನೋಡುವುದು ಡೈ ದಾಟಿ ಹೊರಬರುವ ಸೆಕ್ಷನ್‌ನ ಬಿಸಿ. ಒತ್ತಡಕ್ಕೆ, ತಿಕ್ಕಾಟಕ್ಕೆ ಲೋಹ ಇನ್ನಷ್ಟು ಕಾಯುತ್ತದೆ. ಹೊರಬರುವಾಗ 510ರಿಂದ 540 ಡಿಗ್ರಿ ಇದ್ದರೆ ಒಳಗಿನ ಮೆಗ್ನೀಸಿಯಂ, ಸಿಲಿಕಾನ್ ಚೆನ್ನಾಗಿ ಕರಗಿರುತ್ತವೆ. ಸ್ಪೀಡ್ ತೀರಾ ಏರಿಸಿದರೆ ಸೆಕ್ಷನ್‌ನ ಮೈ ಹರಿದು ಬಿರಿಯುತ್ತದೆ. ತೀರಾ ಇಳಿಸಿದರೆ ಬಿಸಿ ಸಾಲದೆ, ಮುಂದೆ ಏಜಿಂಗ್‌ನಲ್ಲಿ, ಅಂದರೆ ಓವನ್‌ನಲ್ಲಿಟ್ಟು ಗಟ್ಟಿ ಮಾಡುವಾಗ, ಗಟ್ಟಿತನ ಬರುವುದಿಲ್ಲ.

ಆಮೇಲೆ ಸೆಕ್ಷನ್ನನ್ನು ಬೇಗ ತಣಿಸಬೇಕು. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ತಕರಾರು ಹುಟ್ಟುವುದೇ ಇಲ್ಲಿ. ಒಮ್ಮೆ ಹೊರಗಿನ ಪ್ರೆಸ್ ಒಂದರಿಂದ ಬಂದ ಮಾಲು ನೋಡಲು ಹೊಳೆಯುತ್ತಿತ್ತು. ಆನೋಡೈಸಿಂಗ್‌ಗೆ ಮೊದಲು ಮೈ ಶುಚಿ ಮಾಡುವ ಕಾಸ್ಟಿಕ್ ಸೋಡಾ ತೊಟ್ಟಿಯಿಂದ ಎತ್ತಿದಾಗ ಒಂದೇ ಬದಿಯಲ್ಲಿ, ಸಮ ಅಂತರದಲ್ಲಿ, ಬೂದುಗಪ್ಪು ಪಟ್ಟೆಗಳು. ನೈಟ್ರಿಕ್ ಆಸಿಡ್‌ನಲ್ಲಿ ಅದ್ದಿದರೂ ಹೋಗಲಿಲ್ಲ. ಎಲ್ಲರೂ ನಮ್ಮ ತೊಟ್ಟಿಯನ್ನೇ ಬೈದರು. ನಾನು ಗಟ್ಟಿತನ ಅಳೆಯುವ ವೆಬ್‌ಸ್ಟರ್ ಗೇಜ್ ಹಿಡಿದು ಪಟ್ಟೆಯ ಮೇಲೊಮ್ಮೆ, ಪಕ್ಕದಲ್ಲೊಮ್ಮೆ ಒತ್ತಿ ನೋಡಿದೆ. ಪಟ್ಟೆಯಲ್ಲಿ ಲೋಹ ಮೆತ್ತಗಿತ್ತು! ಬಿಸಿ ಸೆಕ್ಷನ್ ಪ್ರೆಸ್ ಮುಂದಿನ ಟೇಬಲ್ಲಿನ ಗ್ರಾಫೈಟ್ ಪಟ್ಟಿಗಳ ಮೇಲೆ ನಿಂತಲ್ಲೆಲ್ಲ ಬೇರೆ ಕಡೆಗಿಂತ ನಿಧಾನವಾಗಿ ಆರಿ, ಮೆಗ್ನೀಸಿಯಂ ಸಿಲಿಸೈಡ್ ದಪ್ಪ ಕಣಗಳಾಗಿ ಕೂತಿತ್ತು. ಪಟ್ಟೆಗಳ ಅಂತರವೂ ಪಟ್ಟಿಗಳ ಅಂತರವೂ ಒಂದೇ. ಅವರು ಸೆಕ್ಷನ್ ಟೇಬಲ್ ಮೇಲೆ ನಿಲ್ಲದಂತೆ ಮಾಡಿ, ಫ್ಯಾನ್ ಗಾಳಿ ಕೆಳಗಿನಿಂದಲೂ ಬಿಟ್ಟ ಮೇಲೆ ತೊಂದರೆ ನಿಂತಿತು.

ಆರಿದ ಸೆಕ್ಷನ್ನನ್ನು ಸ್ಟ್ರೆಚರ್‌ನಲ್ಲಿ ಅರ್ಧದಿಂದ ಒಂದು ಶೇಕಡಾ ಎಳೆದು ನೇರ ಮಾಡಿ, ಕತ್ತರಿಸಿ, ಏಜಿಂಗ್ ಓವನ್‌ನಲ್ಲಿ 180 ಡಿಗ್ರಿ ಆಸುಪಾಸಿನಲ್ಲಿ ಐದಾರು ಗಂಟೆ ಇಡುತ್ತೇವೆ.

ಆನೋಡೈಸಿಂಗ್‌ನಲ್ಲಿ ನನಗೆ ಮುಖ್ಯ ಜಿಗ್ಗಿನ, ಅಂದರೆ ಸೆಕ್ಷನ್ನನ್ನು ಹಿಡಿದು ಕರೆಂಟ್ ಕೊಡುವ ಚೌಕಟ್ಟಿನ, ಹಿಡಿತ. ಸಡಿಲವಾಗಿದ್ದರೆ ಕರೆಂಟ್ ಸರಿಯಾಗಿ ಹರಿಯದೆ ಪದರ ತೆಳುವಾಗುತ್ತದೆ, ಕೆಲವೊಮ್ಮೆ ಹಿಡಿತದ ಜಾಗ ಸುಟ್ಟೇ ಹೋಗುತ್ತದೆ. ಸಲ್ಫ್ಯೂರಿಕ್ ಆಸಿಡ್ ತೊಟ್ಟಿ 20 ಡಿಗ್ರಿ ಆಸುಪಾಸಿನಲ್ಲೇ ಇರಬೇಕು. ಬೇಸಿಗೆಯಲ್ಲಿ ಚಿಲ್ಲರ್ ಕೈಕೊಟ್ಟರೆ ಪದರ ಪುಡಿಪುಡಿಯಾಗಿ ಕೈಗೆ ಹತ್ತುತ್ತದೆ, ಅಂಥ ದಿನ ಲೈನ್ ನಿಲ್ಲಿಸುವುದೇ ಲೇಸು. ಚದರ ಡೆಸಿಮೀಟರಿಗೆ ಒಂದೂವರೆ ಆಂಪಿಯರ್ ಕೊಟ್ಟರೆ 25 ಮೈಕ್ರಾನ್ ಬೆಳೆಯಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು.

ಕೊನೆಗೆ ಸೀಲಿಂಗ್, ಅಂದರೆ ಪದರದ ಸಣ್ಣ ರಂಧ್ರಗಳನ್ನು ಮುಚ್ಚುವುದು: ಕುದಿಯುವ ಹದದ ಶುದ್ಧ ನೀರಿನಲ್ಲಿ, ಮೈಕ್ರಾನ್‌ಗೆ ಮೂರು ನಿಮಿಷದ ಲೆಕ್ಕ. ಅವಸರದ ಆರ್ಡರ್ ಬಂದಾಗ ಈ ಹೊತ್ತನ್ನೇ ಕಡಿಮೆ ಮಾಡಿ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಪ್ರತಿ ಲಾಟಿನಲ್ಲೂ ಒಂದು ತುಂಡಿನ ಮೇಲೆ ಬಣ್ಣದ ತೊಟ್ಟು ಬಿಟ್ಟು, ತೊಳೆದು ಒರೆಸಿ ನೋಡುತ್ತೇನೆ. ಗುರುತು ಉಳಿದರೆ ಸೀಲಿಂಗ್ ಸಾಲದು ಎಂದರ್ಥ, ಆ ಲಾಟ್ ಪ್ಯಾಕಿಂಗ್‌ಗೆ ಹೋಗುವುದಿಲ್ಲ.